ಹುಣಸೇತೋಪಿನ ಬೆಲ್ಲ ಮತ್ತು ನಾಲ್ಕು ತಿಂಗಳ ಲೆಕ್ಕ

ಈ ಸಲ ಕಬ್ಬು, ಗೊಬ್ಬರ, ಸುಳಿ ಕೊರಕದ ವಿಚಾರ ಇಲ್ಲ. ಹೋದ ತಿಂಗಳು ಸಂತೆಯಲ್ಲಿ ಸಿಕ್ಕ ಇಬ್ಬರು ಮೂವರು "ನಿಮ್ದು ಬೆಲ್ಲದ ಕೇಸು ಕೋರ್ಟಲ್ಲಿ ಐತಂತಲ್ಲಣ್ಣ" ಅಂತ ಕೇಳಿದರು. ಕೋರ್ಟಲ್ಲಿ ಇಲ್ಲ. ಎಲ್ಲಿದೆ, ಹೆಂಗಿದೆ, ನನ್ನ ತಪ್ಪೆಷ್ಟು ಅನ್ನೋದನ್ನ ಒಂದೇ ಸಲ ಬರೆದುಬಿಡ್ತೀನಿ. ಆಲೆಮನೆ ಇಟ್ಟುಕೊಂಡವರು, ಗಾಣದ ಎಣ್ಣೆ ಮಾಡೋರು, ಉಪ್ಪಿನಕಾಯಿ ಹಾಕೋ ಹೆಣ್ಣುಮಕ್ಕಳು ಪೂರ್ತಿ ಓದಿ. ಉದ್ದ ಆಗ್ತದೆ.

ನಮ್ಮ ಆಲೆಮನೆ ಇರೋದು ಹುಣಸೆ ಮರಗಳ ಮಗ್ಗುಲಲ್ಲಿ. ಮುತ್ತಾತನ ಕಾಲದಲ್ಲಿ ಒಂಬತ್ತು ಮರ ಇದ್ದವಂತೆ, ಈಗ ಮೂರಿದೆ. ಅಪ್ಪ 1998ರಲ್ಲಿ ಆಲೆಮನೆ ಹಾಕಿದಾಗ ಮಂಡಿಯವರು ನಮ್ಮ ಬೆಲ್ಲ ಗುರುತು ಹಿಡಿಯೋಕೆ "ಹುಣಸೇತೋಪಿಂದು" ಅನ್ನೋಕೆ ಶುರು ಮಾಡಿದರು. ಹೆಸರು ನಾವು ಇಟ್ಟಿದ್ದಲ್ಲ, ತಾನಾಗೇ ಅಂಟಿಕೊಂಡಿದ್ದು. ಹುಳಿ ಹೆಸರಿನ ಬೆಲ್ಲ ಅಂತ ಜನ ನಗೋರು. ಅಪ್ಪ ಹೈಡ್ರೋಸ್ ಮುಟ್ಟುತ್ತಿರಲಿಲ್ಲ. ಸುಣ್ಣ, ಬೆಂಡೆ ಗಿಡದ ಲೋಳೆ, ಅಷ್ಟೇ. ಹಂಗಾಗಿ ಬಣ್ಣ ಕಂದು, ನೋಡೋಕೆ ಚಂದ ಇಲ್ಲ. ಹರಾಜಲ್ಲಿ ಹಳದಿ ಬೆಲ್ಲಕ್ಕಿಂತ ಕಡಿಮೆಗೇ ಹೋಗ್ತಿತ್ತು. ಆದ್ರೂ ಒಂದಷ್ಟು ಅಂಗಡಿಯವರು ನಮ್ಮದನ್ನೇ ಕೇಳಿ ಎತ್ತೋರು.

ಅಪ್ಪ ಮಂಡ್ಯದಲ್ಲಿ ಒಬ್ಬ ತಗಡಿನ ಕೆಲಸದವನ ಹತ್ತಿರ ಚೀಲದ ಮೇಲೆ ಬಣ್ಣ ಹೊಡೆಯೋ ಅಚ್ಚು ಕತ್ತರಿಸಿದ್ದರು. ಆ ಪುಣ್ಯಾತ್ಮ "ತೋ" ಅಕ್ಷರದ ದೀರ್ಘ ಬಿಟ್ಟುಬಿಟ್ಟ. "ಹುಣಸೆತೊಪು" ಅಂತ ಆಯ್ತು. ದುಡ್ಡು ಕೊಟ್ಟು ಮಾಡಿಸಿದ್ದು ಯಾಕೆ ಎಸೆಯೋದು ಅಂತ ಅದರಲ್ಲೇ ಹೊಡೆದುಕೊಂಡು ಬಂದೆವು. ಈ ದೀರ್ಘದ ವಿಚಾರ ನೆನಪಲ್ಲಿಟ್ಟುಕೊಳ್ಳಿ, ಆಮೇಲೆ ಬರ್ತದೆ.

2018ರಲ್ಲಿ ಒಬ್ಬ ವ್ಯಾಪಾರಿ ನಮ್ಮ ಹತ್ತಿರ ಬಂದ. ಹೆಸರು ಬೇಡ, ಊರೂ ಬೇಡ. ಸಾವಯವ ಅಂಗಡಿಗಳಿಗೆ ಪ್ಯಾಕೆಟ್ ಮಾಡಿ ಕೊಡೋ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು. ಕಂದು ಬೆಲ್ಲಕ್ಕೆ ಆಗಷ್ಟೇ ಬೇಡಿಕೆ ಬಂದಿತ್ತು. ಮಂಡಿಗಿಂತ ಒಳ್ಳೆ ರೇಟು ಕೊಟ್ಟ. 2020ರ ಲಾಕ್‌ಡೌನಲ್ಲಿ ಎಲ್ಲರ ಬೆಲ್ಲ ಮನೆಯಲ್ಲೇ ಬೆವರಿಕೊಂಡು ಕೂತಿದ್ದಾಗ ಪಾಸು ಮಾಡಿಸಿಕೊಂಡು ಬಂದು ನಮ್ಮದನ್ನ ಎತ್ತಿಕೊಂಡು ಹೋದ. ಅವ್ವನ ಕೈಯಲ್ಲಿ ಎಷ್ಟೋ ಸಲ ಮುದ್ದೆ ಉಂಡಿದ್ದಾನೆ. ಇದನ್ನ ಯಾಕೆ ಹೇಳ್ತೀನಿ ಅಂದ್ರೆ, ಅವನನ್ನ ಕಳ್ಳ ಅಂತ ಒಂದೇ ಮಾತಲ್ಲಿ ಮುಗಿಸಿದ್ರೆ ಈ ಬರಹ ಸುಳ್ಳಾಗ್ತದೆ.

ಇನ್ನೊಂದೂ ಹೇಳಬೇಕು. ಒಂದು ದಿನ ಜಗಲಿ ಮೇಲೆ ಕೂತು ಅವನೇ ಹೇಳಿದ್ದ: "ಅಣ್ಣಾ, ಈ ಹೆಸರು ರಿಜಿಸ್ಟರ್ ಮಾಡಿಸಿಬಿಡಿ, ಯಾರಾದ್ರೂ ಹೊಡ್ಕೋತಾರೆ." ನಾನು ನಕ್ಕುಬಿಟ್ಟೆ. ಬೆಲ್ಲಕ್ಕೆ ಯಾವ ರಿಜಿಸ್ಟರು, ಇದೇನು ಸೈಟಾ ಅಂದೆ.

ಹೋದ ವರ್ಷ ಗೌರಿ ಹಬ್ಬಕ್ಕೆ ಮುಂಚೆ, ಮೈಸೂರಲ್ಲಿರೋ ತಂಗಿ ಮಗಳು ಒಂದು ಫೋಟೋ ಕಳಿಸಿದಳು. "ಮಾವ, ನಿಮ್ ಬೆಲ್ಲ ಯಾವಾಗ ಹಳದಿ ಆಯ್ತು?" ಅಂತ. ಒಂದು ಕೇಜಿ ಪ್ಯಾಕೆಟ್ಟು, ಮೇಲೆ ದಪ್ಪಕ್ಷರದಲ್ಲಿ ನಮ್ಮ ಹೆಸರು, ಪಕ್ಕದಲ್ಲಿ ಸಣ್ಣಕ್ಕೆ ಟಿಎಂ. ಒಳಗೆ ಇದ್ದದ್ದು ನಮ್ಮ ಬೆಲ್ಲ ಅಲ್ಲ. ನಿಂಬೆಹಣ್ಣಿನ ಬಣ್ಣ. ನಮ್ಮ ಮಾಲು ಸಾಲದೆ ಬೇರೆ ಕಡೆಯಿಂದ ತಂದು ಅದೇ ಹೆಸರಲ್ಲಿ ತುಂಬಿದ್ದ. ನನಗೆ ಸಿಟ್ಟು ಬಂದಿದ್ದು ಹೆಸರಿಗಲ್ಲ, ಆ ಬಣ್ಣಕ್ಕೆ. ಇಪ್ಪತ್ತೈದು ವರ್ಷ ಕಡಿಮೆ ರೇಟು ತಿಂದು ಉಳಿಸಿಕೊಂಡಿದ್ದು ಆ ಕಂದು ಬಣ್ಣ.

ಟಿಎಂ ಅಂತ ಯಾರು ಬೇಕಾದ್ರೂ ಹಾಕ್ಕೋಬಹುದು, ಅದು ಬರೀ ಹಕ್ಕು ಹೇಳಿಕೊಳ್ಳೋದು. ದುಂಡನೆ ಗೆರೆಯೊಳಗೆ ಆರ್ ಅಕ್ಷರ ಇದ್ರೆ ಮಾತ್ರ ರಿಜಿಸ್ಟರ್ ಆಗಿದೆ ಅಂತ ಅರ್ಥ. ಆಗದೆ ಅದನ್ನ ಹಾಕಿದ್ರೆ ಅಪರಾಧ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಆವತ್ತು ಮಗ ಫೋನಲ್ಲೇ ಸರ್ಕಾರದ ಟ್ರೇಡ್‌ಮಾರ್ಕ್ ವೆಬ್‌ಸೈಟು ತೆಗೆದು ಹುಡುಕಿದ. ದುಡ್ಡಿಲ್ಲದೆ ಯಾರು ಬೇಕಾದ್ರೂ ನೋಡಬಹುದು. ಬೆಲ್ಲ, ಸಕ್ಕರೆ, ಕಾಫಿ, ಟೀ, ಹಿಟ್ಟು ಇವೆಲ್ಲ 30ನೇ ಕ್ಲಾಸಲ್ಲಿ ಬರ್ತವೆ. ನಮ್ಮ ಕನ್ನಡದ ಹೆಸರನ್ನ ಇಂಗ್ಲಿಷಲ್ಲಿ ಬರೆಯೋಕೆ ಹತ್ತು ದಾರಿ. ಮೊದಲನೇ ಸಲ ಸಿಗಲೇ ಇಲ್ಲ, ಅಕ್ಷರ ಬದಲಾಯಿಸಿ ಬದಲಾಯಿಸಿ ನಾಲ್ಕನೇ ಸಲ ಸಿಕ್ತು. ಅರ್ಜಿದಾರ ಅವನೇ. ಎಂದಿನಿಂದ ಬಳಸ್ತಿದ್ದೀರಿ ಅನ್ನೋ ಜಾಗದಲ್ಲಿ 2016 ಅಂತ ಹಾಕಿದ್ದ. ಅವನು ನಮ್ಮೂರಿಗೆ ಕಾಲಿಟ್ಟಿದ್ದೇ 2018ರಲ್ಲಿ.

ಅರ್ಜಿ ಒಪ್ಪಿ ಜರ್ನಲಲ್ಲಿ ಪ್ರಕಟ ಮಾಡಿದ್ದೀವಿ ಅಂತ ಅದರಲ್ಲಿ ಬರೆದಿತ್ತು. ಮಂಡ್ಯದ ನಮ್ಮ ವಕೀಲರು ಜಮೀನಿನ ಕೇಸು ನೋಡೋರು, ಇದು ನನ್ನ ಬಾಬ್ತಲ್ಲ ಅಂತ ಬೆಂಗಳೂರಿನ ಒಬ್ಬ ಹೆಣ್ಣುಮಗಳ ನಂಬರ್ ಕೊಟ್ಟರು. ಆಯಮ್ಮ ಫೋನಲ್ಲಿ ನನ್ನ ಕಥೆ ಕೇಳೋಕೆ ಮುಂಚೆ ಕೇಳಿದ್ದು ಒಂದೇ: "ಜರ್ನಲ್ ತಾರೀಕು ಏನಿದೆ?" ಮಗ ಓದಿ ಹೇಳಿದ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ "ನಿಮಗೆ ಇನ್ನು ಹದಿನೇಳು ದಿನ ಇದೆ" ಅಂದ್ರು.

ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರದ್ದು. ಅದರ 21ನೇ ಸೆಕ್ಷನ್ ಪ್ರಕಾರ ಜರ್ನಲಲ್ಲಿ ಬಂದ ದಿನದಿಂದ ನಾಲ್ಕು ತಿಂಗಳೊಳಗೆ ಯಾರು ಬೇಕಾದ್ರೂ ತಕರಾರು ಹಾಕಬಹುದು. ನಿಮ್ಮ ಹೆಸರು ರಿಜಿಸ್ಟರ್ ಆಗಿರಬೇಕು ಅಂತಿಲ್ಲ. ಆದ್ರೆ ನಾಲ್ಕು ತಿಂಗಳು ಅಂದ್ರೆ ನಾಲ್ಕೇ ತಿಂಗಳು. ಮಳೆ ಬಂತು, ಅಜ್ಜಿ ಸತ್ತಳು, ಜರ್ನಲ್ ನೋಡಿರಲಿಲ್ಲ, ಯಾವುದೂ ನಡೆಯಲ್ಲ. ಮತ್ತೆ ನಮ್ಮ ಮನೆ ಬಾಗಿಲಿಗೆ ಬಂದು ಯಾರೂ ಹೇಳಲ್ಲ. ವಾರವಾರ ಸೋಮವಾರ ಜರ್ನಲ್ ಬರ್ತದೆ, ಸಾವಿರಾರು ಹೆಸರು ಇರ್ತವೆ, ನೋಡಿಕೊಳ್ಳೋದು ನಮ್ಮ ಹಣೆಬರಹ.

ಬೆಂಗಳೂರಲ್ಲಿ ಇದರ ಆಫೀಸಿಲ್ಲ. ಮುಂಬೈ, ದೆಹಲಿ, ಕೋಲ್ಕತ್ತ, ಅಹಮದಾಬಾದ್, ಚೆನ್ನೈ, ಐದೇ ಕಡೆ. ಕರ್ನಾಟಕ ಚೆನ್ನೈಗೆ ಸೇರ್ತದೆ. ಕಾವೇರಿ ನೀರಷ್ಟೇ ಅಲ್ಲ, ಬೆಲ್ಲದ ಹೆಸರೂ ಅಲ್ಲಿಗೇ ಹರೀತದೆ ಅಂತ ತಮ್ಮ ಅಂದ. ಓಡಾಡೋದೇನೂ ಇಲ್ಲ, ಎಲ್ಲ ಆನ್‌ಲೈನು, ವಿಚಾರಣೆಯೂ ವಿಡಿಯೋದಲ್ಲಿ. ಫಾರಂ ಟಿಎಂ-ಓ, ಸರ್ಕಾರಿ ಫೀಸು ಒಂದು ಕ್ಲಾಸಿಗೆ 2,700 ರೂಪಾಯಿ. ವಕೀಲರ ಫೀಸು ಬೇರೆ. ಅದನ್ನ ಮೊದಲೇ ಪೂರ್ತಿ ಮಾತಾಡಿಕೊಳ್ಳಿ, ಹಂತ ಹಂತಕ್ಕೂ ಬೇರೆ ಬೇರೆ ಇರ್ತದೆ.

ಈಗ ಮನೆಯೊಳಗಿನ ಜಗಳ. ಅವನು ನಮಗೆ 1 ಲಕ್ಷ 80 ಸಾವಿರ ಬಾಕಿ ಕೊಡಬೇಕಿತ್ತು. ತಮ್ಮ ಹೇಳಿದ್ದು ಇಷ್ಟು: "ಅಣ್ಣೋ, ಹೆಸರು ಯಾರಿಗ್ ಬೇಕು, ಬುಡತ್ಲಾಗೆ. ದುಡ್ಡು ಬರ್ಲಿ ಮೊದ್ಲು. ನೋಟೀಸು ಕೊಟ್ರೆ ಒಂದು ರೂಪಾಯೂ ಬಿಚ್ಚಕ್ಕಿಲ್ಲ ಅವ್ನು." ಅವನ ಮಾತಲ್ಲಿ ತಪ್ಪೇನಿಲ್ಲ. ಅವನ ಮಗಳ ಕಾಲೇಜು ಫೀಸು ಆ ದುಡ್ಡಲ್ಲೇ ಕಟ್ಟಬೇಕಿತ್ತು. ಹದಿನೇಳು ದಿನದಲ್ಲಿ ಒಂಬತ್ತು ದಿನ ನಾವಿಬ್ಬರೂ ಮಾತಾಡದೇನೇ ಕಳೆದೆವು. ಒಂದೇ ಗಾಣಕ್ಕೆ ಕಬ್ಬು ಕೊಡ್ತಾ, ಒಂದೇ ಕೊಪ್ಪರಿಗೆ ಮಡ್ಡಿ ತೆಗೀತಾ ಮಾತಾಡದೆ ಇರೋದು ಸುಲಭ ಅಲ್ಲ.

ಹತ್ತನೇ ದಿನ ನಾನೇ ಅವನಿಗೆ, ವ್ಯಾಪಾರಿಗೆ, ಫೋನ್ ಮಾಡಿದೆ. ವಾಪಸ್ ತಗೋಳಪ್ಪ, ಗಲಾಟೆ ಬೇಡ ಅಂದೆ. ಅವನು ಸಿಟ್ಟಾಗಲಿಲ್ಲ. "ಅಣ್ಣಾ, ನಿಮಗೆ ಅಂತಾನೇ ಕಾಪಾಡಿದ್ದೀನಿ. ನಾನು ಮಾಡಿಸದೆ ಇದ್ರೆ ಬೇರೆ ಯಾರೋ ಮಾಡಿಸ್ತಿದ್ರು. ನಿಮ್ಮ ಬೆಲ್ಲ ನನಗೇ ಕೊಡೋವರೆಗೂ ನಿಮಗೇನೂ ತೊಂದರೆ ಇಲ್ಲ" ಅಂದ. ಆ ಕೊನೇ ಮಾತು ತಮ್ಮನೂ ಕೇಳಿಸಿಕೊಂಡ, ಫೋನು ಸ್ಪೀಕರಲ್ಲಿತ್ತು. ಅವನಿಗೇ ಕೊಡೋವರೆಗೂ! ನಾಳೆ ಬೇರೆಯವರಿಗೆ ಕೊಟ್ರೆ ನಮ್ಮ ಚೀಲದ ಮೇಲೆ ನಮ್ಮ ಹೆಸರು ಹಾಕೋಕೆ ಅವನ ಅಪ್ಪಣೆ ಬೇಕು. ತಮ್ಮ ಏನೂ ಹೇಳದೆ ಒಳಗೆ ಹೋಗಿ ಅಟ್ಟದ ಮೇಲಿದ್ದ ಅಪ್ಪನ ಟ್ರಂಕು ಇಳಿಸಿದ.

ಟ್ರಂಕಲ್ಲಿ ಏನಿತ್ತು ಅಂತ ಹೇಳ್ತೀನಿ, ಯಾಕಂದ್ರೆ ಈ ಕೆಲಸದಲ್ಲಿ ಎಲ್ಲ ನಿಂತಿರೋದು ಕಾಗದದ ಮೇಲೆ. ಮಂಡಿ ಪಟ್ಟಿ ಒಂದು ಕಟ್ಟು ಇತ್ತು, ನನಗೆ ಖುಷಿಯೋ ಖುಷಿ. ವಕೀಲರು ನೋಡಿ ಪಕ್ಕಕ್ಕಿಟ್ಟರು. ಪಟ್ಟಿಯಲ್ಲಿ ಅಪ್ಪನ ಹೆಸರಿದೆ, ತೂಕ ಇದೆ, "ಬೆಲ್ಲ" ಅಂತ ಇದೆ. "ಹುಣಸೇತೋಪು" ಅಂತ ಎಲ್ಲೂ ಇಲ್ಲ. ನಾವು ಬೆಲ್ಲ ಮಾರಿದ್ದಕ್ಕೆ ಸಾಕ್ಷಿ ಆಯ್ತು, ಆ ಹೆಸರಲ್ಲಿ ಮಾರಿದ್ದಕ್ಕೆ ಆಗಲಿಲ್ಲ. ಇಪ್ಪತ್ತೈದು ವರ್ಷ ಬಾಯಲ್ಲೇ ಓಡಾಡಿದ ಹೆಸರು, ಕಾಗದದ ಮೇಲೆ ಹೆಚ್ಚೂ ಕಡಿಮೆ ಹುಟ್ಟೇ ಇರಲಿಲ್ಲ.

ಕೊನೆಗೆ ಕೆಲಸಕ್ಕೆ ಬಂದಿದ್ದು ಇವು. 2011ರ ಒಂದು ಲಾರಿ ಬಿಲ್ಲು, ಅದರಲ್ಲಿ ಡ್ರೈವರು "ಹುಣಸೇತೋಪು ಬೆಲ್ಲ 40 ಚೀಲ" ಅಂತ ಬರೆದಿದ್ದ. ಅವನ ಕೈಯಕ್ಷರ ಕೋಳಿ ಕೆದಕಿದಂಗಿದ್ರೂ ನನಗೆ ಈಗ ದೇವರ ಸಮಾನ. ಆಹಾರ ಸುರಕ್ಷತೆಯವರದ್ದು, ಎಫ್‌ಎಸ್‌ಎಸ್‌ಎಐ ಅಂತಾರಲ್ಲ, ವರ್ಷಕ್ಕೆ ನೂರು ರೂಪಾಯಿಯ ರಿಜಿಸ್ಟ್ರೇಷನ್ನು. ಮಗ ಹಟ ಮಾಡಿ ಮಾಡಿಸಿದ್ದು, ಅದರಲ್ಲಿ ಉದ್ದಿಮೆ ಹೆಸರು ಹುಣಸೇತೋಪು ಆಲೆಮನೆ ಅಂತಲೇ ಇದೆ. ಮಂಡಿಯವರೊಬ್ಬರು, ಇಬ್ಬರು ಅಂಗಡಿಯವರು ಅಫಿಡವಿಟ್ ಕೊಡೋಕೆ ಒಪ್ಪಿದರು. ಮೂರನೇ ಅಂಗಡಿಯವರು ಒಪ್ಪಿ ಆಮೇಲೆ ಹಿಂದೆ ಸರಿದರು. ಅವರಿಗೂ ಆ ವ್ಯಾಪಾರಿ ಮಾಲು ಹಾಕ್ತಾನೆ, ಬೇಜಾರಿಲ್ಲ.

ಎಲ್ಲಕ್ಕಿಂತ ದೊಡ್ಡದು ನನ್ನ ಫೋನಲ್ಲೇ ಇತ್ತು. 2018ರಲ್ಲಿ ಅವನು ಕಳಿಸಿದ ಮೊದಲನೇ ವಾಟ್ಸಾಪ್ ಮೆಸೇಜು: "ನಮಸ್ಕಾರ ಅಣ್ಣ, ಹುಣಸೇತೋಪು ಬೆಲ್ಲ ನಿಮ್ಮದೇನಾ? ಸ್ಯಾಂಪಲ್ ಬೇಕಿತ್ತು." 2016ರಿಂದ ತನ್ನದೇ ಹೆಸರು ಅನ್ನೋನು 2018ರಲ್ಲಿ ನಿಮ್ಮದೇನಾ ಅಂತ ಕೇಳಿದ್ದಾನೆ. ಫೋನಿನ ಮೆಸೇಜಿಗೂ ಒಂದು ಸರ್ಟಿಫಿಕೇಟು ಬರೆದು ಸಹಿ ಹಾಕಿ ಲಗತ್ತಿಸಬೇಕು. ಹಳೇ ಫೋನು ಎಸೆಯೋವಾಗ ಮೆಸೇಜು ಹೊಸದಕ್ಕೆ ಹಾಕಿಸಿಕೊಂಡಿದ್ದು ಮಗನ ಬುದ್ಧಿ, ನನ್ನದಲ್ಲ.

ಮತ್ತೆ ಆ ದೀರ್ಘ. ವಕೀಲರು ಅವನ ಪ್ಯಾಕೆಟ್ಟಿನ ಫೋಟೋ ದೊಡ್ಡದು ಮಾಡಿ ನೋಡ್ತಾ "ಇದೇನು, ತೊಪು ಅಂತ ಹಾಕಿದ್ದಾರೆ?" ಅಂದ್ರು. ನಾನು ಟ್ರಂಕಲ್ಲಿದ್ದ ತಗಡಿನ ಅಚ್ಚು ಮೇಜಿನ ಮೇಲಿಟ್ಟೆ. ಅಪ್ಪನ ತಗಡಿನವನು ಬಿಟ್ಟ ದೀರ್ಘವನ್ನ ಅವನೂ ಬಿಟ್ಟಿದ್ದ. ನಮ್ಮ ಚೀಲದ ಫೋಟೋ ಹೊಡೆದುಕೊಂಡು ಡಿಸೈನ್ ಮಾಡೋನಿಗೆ ಕೊಟ್ಟಿರಬೇಕು. ಆಯಮ್ಮ ಮೊದಲನೇ ಸಲ ನಕ್ಕರು.

ಮೂರು ದಿನ ಉಳಿದಿದ್ದಾಗ ತಕರಾರು ಅರ್ಜಿ ಹೋಯ್ತು.

ಆಯಮ್ಮ ನನಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು, ನಂದಿನಿ ಕೇಸು ಹೇಳಿ. ನಾವೆಲ್ಲ ಡೇರಿಗೆ ಹಾಲು ಹಾಕೋರು, ಇದು ತಿಳಿದಿರಬೇಕು. ಕೆಎಂಎಫ್‌ನವರು 1985ರಿಂದ ನಂದಿನಿ ಹೆಸರು ಬಳಸ್ತಿದ್ದಾರೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ, ಇಂಗ್ಲಿಷಲ್ಲಿ ಒಂದು ಎಚ್ ಹೆಚ್ಚಿಗೆ ಹಾಕಿ, ದೀಪದ ಚಿತ್ರದ ಜೊತೆ. ಹೋಟೆಲಿನವರು ರಿಜಿಸ್ಟರಿಗೆ ಅರ್ಜಿ ಹಾಕಿದಾಗ ಕೆಎಂಎಫ್ ತಕರಾರು ಹಾಕಿತು. ರಿಜಿಸ್ಟ್ರಾರ್ ಹತ್ತಿರ ಕೆಎಂಎಫ್ ಸೋತಿತು, ಮೇಲಿನ ಮಂಡಳಿಯಲ್ಲಿ ಗೆದ್ದಿತು, ಕರ್ನಾಟಕ ಹೈಕೋರ್ಟಲ್ಲೂ ಗೆದ್ದಿತು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೋಟೆಲಿನವರ ಕಡೆಗೇ ಹೇಳಿತು. ನಂದಿನಿ ಅನ್ನೋದು ಪುರಾಣದ ಹಸುವಿನ ಹೆಸರು, ಕೆಎಂಎಫ್ ಹುಟ್ಟಿಸಿದ ಪದ ಅಲ್ಲ. ಎರಡರ ಗುರುತು ಬೇರೆ, ಸರಕು ಬೇರೆ. ಹಾಲು ಮತ್ತು ಹಾಲಿನ ಪದಾರ್ಥ ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರು ಇಟ್ಕೊಳ್ಳಲಿ ಅಂತ.

"ಅಷ್ಟು ದೊಡ್ಡ ಸಂಸ್ಥೆಗೇ ಇಡೀ ಹೆಸರು ಸಿಗಲಿಲ್ಲ" ಅಂದ್ರು ಆಯಮ್ಮ. "ನಾಳೆ ಯಾರಾದ್ರೂ ಹುಣಸೇತೋಪು ಅಂತ ಮಿಲಿಟರಿ ಹೋಟೆಲ್ ತೆಗೆದ್ರೆ ನನಗೆ ಫೋನ್ ಮಾಡಬೇಡಿ. ನಿಮ್ಮ ಜಗಳ ಬೆಲ್ಲದ್ದು, ಬೆಲ್ಲಕ್ಕೇ ಇರಲಿ." ಅದಕ್ಕೇ ನಮ್ಮ ತಕರಾರಲ್ಲಿ ಊರ ಕಥೆ ಎಲ್ಲ ಹಾಕಲಿಲ್ಲ. ಒಂದೇ ಸರಕು, ಒಂದೇ ಹೆಸರು, ನಾವು ಮೊದಲು, ಗೊತ್ತಿದ್ದೂ ಹಾಕಿದ್ದಾನೆ. ಅಷ್ಟೇ.

ಊರ ಹೆಸರಲ್ಲಿ ಮಾರೋರಿಗೆ ಒಂದು ಮಾತು. ಬರೀ ಊರ ಹೆಸರನ್ನ ಒಬ್ಬರೇ ಹಿಡಿದುಕೊಳ್ಳೋದು ಕಷ್ಟ. ಹಿಂದೆ ಸಿಗರೇಟು ಕಂಪನಿಯೊಂದು "ಸಿಮ್ಲಾ" ಅಂತ ರಿಜಿಸ್ಟರ್ ಮಾಡಿಸೋಕೆ ಹೋದಾಗ 1977ರಲ್ಲಿ ಕಲ್ಕತ್ತಾ ಹೈಕೋರ್ಟು ಆಗಲ್ಲ ಅಂದಿದೆ. ಊರಿನಿಂದಲೇ ಗುಣ ಬಂದ ಸರಕಿಗೆ ಇರೋ ದಾರಿ ಜಿಐ. ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಉಡುಪಿ ಕಡೆಯ ಮಟ್ಟು ಗುಳ್ಳ, ಬೆಲ್ಲದಲ್ಲಿ ಕೊಲ್ಹಾಪುರದ್ದು. ಅದು ಆ ಪ್ರದೇಶದ ಬೆಳೆಗಾರರೆಲ್ಲರದ್ದು, ಒಬ್ಬನದ್ದಲ್ಲ. ಒಂಟಿ ಆಲೆಮನೆಗೆ ಅದು ಬರಲ್ಲ.

ಆಮೇಲಿನ ಕಥೆ ನಿಧಾನ. ನಮ್ಮ ತಕರಾರು ಅವನ ಕೈಗೆ ತಲುಪಿದ ಮೇಲೆ ಅವನು ಎರಡು ತಿಂಗಳೊಳಗೆ ಉತ್ತರ ಹಾಕಬೇಕು, ಹಾಕದಿದ್ರೆ ಅರ್ಜಿ ಅವನೇ ಬಿಟ್ಟಂಗೆ. ಹಾಕಲ್ಲ ಅಂದುಕೊಂಡಿದ್ದೆ, ಹಾಕಿದ. ಹೆಸರು ಪ್ರಸಿದ್ಧಿ ಮಾಡಿದ್ದು ನಾನು, ಅವರದ್ದು ಬರೀ ಮಂಡಿ ಚೀಲ ಅಂತ. ಓದಿ ಎರಡು ದಿನ ಊಟ ಸೇರಲಿಲ್ಲ. ಯಾಕಂದ್ರೆ ಅರ್ಧ ನಿಜ. ಮೈಸೂರು, ಬೆಂಗಳೂರಿನ ಅಂಗಡಿಗಳಿಗೆ ನಮ್ಮ ಹೆಸರು ಮುಟ್ಟಿಸಿದ್ದು ಅವನೇ. ಅದನ್ನ ವಕೀಲರಿಗೆ ಹೇಳಿದಾಗ "ಮಗೂನ ಸ್ಕೂಲಿಗೆ ಬಿಟ್ಟವನು ಅಪ್ಪ ಆಗಲ್ಲ" ಅಂದ್ರು. ಚೆನ್ನಾಗಿದೆ ಮಾತು, ಆದ್ರೆ ನನಗೆ ಪೂರ್ತಿ ಸಮಾಧಾನ ಆಗಲಿಲ್ಲ.

ಅವನ ಉತ್ತರ ನಮಗೆ ಬಂದ ಮೇಲೆ ಎರಡು ತಿಂಗಳಲ್ಲಿ ನಮ್ಮ ಸಾಕ್ಷಿ ಅಫಿಡವಿಟ್ಟಲ್ಲಿ ಹೋಗಬೇಕು. ಇದನ್ನ ತಪ್ಪಿಸಿದ್ರೆ ನಮ್ಮ ತಕರಾರು ನಾವೇ ಬಿಟ್ಟಂಗೆ. ಬಹಳ ಜನ ಇಲ್ಲೇ ಜಾರಿ ಬೀಳೋದಂತೆ. ಕಳಿಸಿದ್ದೀವಿ. ಈಗ ಅವನ ಸಾಕ್ಷಿಯ ಸರದಿ, ಆಮೇಲೆ ನಮ್ಮ ಮರುತ್ತರ, ಆಮೇಲೆ ವಿಚಾರಣೆ. ವಿಚಾರಣೆಗೆ ವರ್ಷಗಳೇ ಹಿಡೀಬಹುದು ಅಂತ ಮೊದಲೇ ಹೇಳಿದ್ದಾರೆ. ಈ ಮಧ್ಯೆ ನಮ್ಮ ಹೆಸರಿಗೆ ನಮ್ಮದೇ ಅರ್ಜಿಯನ್ನೂ ಹಾಕಿದ್ದೀವಿ, ಒಬ್ಬೊಬ್ಬ ರೈತನಿಗೆ ಆನ್‌ಲೈನಲ್ಲಿ 4,500 ರೂಪಾಯಿ. ಇದನ್ನ ಅವನು ಜಗಲಿ ಮೇಲೆ ಹೇಳಿದ ದಿನವೇ ಮಾಡಿದ್ರೆ ಇಷ್ಟು ಬರೆಯೋ ಕೆಲಸ ಇರ್ತಿರಲಿಲ್ಲ.

ನಾಲ್ಕು ತಿಂಗಳು ಕಳೆದುಹೋಗಿ ರಿಜಿಸ್ಟರೇ ಆಗಿಬಿಟ್ಟಿದ್ರೆ? ಆಗಲೂ ಬಾಗಿಲು ಪೂರ್ತಿ ಮುಚ್ಚಲ್ಲ. 57ನೇ ಸೆಕ್ಷನ್ನಲ್ಲಿ ರಿಜಿಸ್ಟರಿಂದ ತೆಗೆಸಿ ಅಂತ ಕೇಳಬಹುದು. ಅವನಿಗಿಂತ ಮುಂಚಿಂದ ಬಿಡದೆ ಬಳಸ್ತಿರೋನನ್ನ ನಿಲ್ಲಿಸೋ ಹಕ್ಕು ರಿಜಿಸ್ಟರ್ ಮಾಡಿಸಿದವನಿಗಿಲ್ಲ ಅಂತ 34ನೇ ಸೆಕ್ಷನ್ ಹೇಳ್ತದೆ. ಆದ್ರೆ ಮೊದಲು ಬಳಸಿದ್ದು ನಾನೇ ಅಂತ ತೋರಿಸಬೇಕು, ಮತ್ತೆ ಅದೇ ಟ್ರಂಕು ಇಳಿಸಬೇಕು. ಹಂಗಾಗಿ ಇವತ್ತಿಂದ ಬಿಲ್ಲಿನ ಮೇಲೆ ನಿಮ್ಮ ಸರಕಿನ ಹೆಸರು ಬರೆಸಿ. ಬಿಲ್ ಇಲ್ಲದ ವ್ಯಾಪಾರ ಅಂದ್ರೆ ಒಂದು ಚೀಟಿಯಲ್ಲಾದ್ರೂ ತಾರೀಕು ಹಾಕಿ ಬರೆಸಿ ಇಟ್ಕೊಳ್ಳಿ.

ಬಾಕಿ ವಿಚಾರ ಕೇಳ್ತೀರಿ ಅಂತ ಗೊತ್ತು. 1 ಲಕ್ಷ 80 ಸಾವಿರದಲ್ಲಿ 60 ಸಾವಿರ ಬಂದಿದೆ. ತಮ್ಮನ ಮಗಳ ಫೀಸು ಸೊಸೈಟಿ ಸಾಲದಲ್ಲಿ ಕಟ್ಟಿದೆವು. ಅದರ ಬಡ್ಡಿ ನಾನು ಕಟ್ತಿದ್ದೀನಿ, ಅದು ನನ್ನ ಹಟಕ್ಕೆ ತೆತ್ತ ದಂಡ ಅಂತಲೇ ಲೆಕ್ಕ ಬರೆದಿದ್ದೀನಿ.

ಹೋದ ವಾರ ಈ ವರ್ಷದ ಮೊದಲನೇ ಕೊಪ್ಪರಿಗೆ ಇಳಿಸಿದೆವು. ಮಧ್ಯಾಹ್ನ ಅವನ ಫೋನು. ಹಬ್ಬಕ್ಕೆ ಇಪ್ಪತ್ತು ಬಾಕ್ಸ್ ಬೇಕಂತೆ. ನಾನು ಫೋನು ತಮ್ಮನಿಗೆ ಕೊಟ್ಟೆ. ಮುಂಗಡ ಪೂರ್ತಿ ದುಡ್ಡು, ಹಳೇ ಬಾಕಿಯಲ್ಲಿ ಇನ್ನೂ ಇಪ್ಪತ್ತು ಸಾವಿರ, ಬಿಲ್ಲಿನ ಮೇಲೆ ತಯಾರಿಸಿದವರು ಹುಣಸೇತೋಪು ಆಲೆಮನೆ ಅಂತ ಇರ್ತದೆ, ಅದಕ್ಕೆ ನೀನು ಸಹಿ ಹಾಕಿ ಮಾಲು ತಗೋಬೇಕು ಅಂದ ತಮ್ಮ. ಆ ಕಡೆಯಿಂದ "ಯೋಚನೆ ಮಾಡಿ ಹೇಳ್ತೀನಿ" ಅಂತ ಬಂತು. ಇನ್ನೂ ಹೇಳಿಲ್ಲ. ಅವ್ವ ಮಾತ್ರ "ಆ ಹುಡ್ಗ ಬಂದಿದ್ನಾ, ಉಂಡ್ಕಂಡ್ ಹೋದ್ನಾ" ಅಂತ ಈಗಲೂ ಕೇಳ್ತಾಳೆ.

ಚೀಲಕ್ಕೆ ಹೊಸ ಅಚ್ಚು ಮಾಡಿಸೋಣ, ದೀರ್ಘ ಸರಿ ಮಾಡಿಸೋಣ ಅಂತ ಮಗ ಹೇಳಿದ. ವಕೀಲರನ್ನ ಕೇಳಿದ್ದಕ್ಕೆ ಕೇಸು ಮುಗಿಯೋವರೆಗೂ ಒಂದು ಗೆರೆಯನ್ನೂ ಮುಟ್ಟಬೇಡಿ ಅಂದ್ರು. ಹಂಗಾಗಿ ಈ ವರ್ಷವೂ ಅದೇ ತಗಡು, ಅದೇ "ತೊಪು". ಯಾರೂ ತಿದ್ದೋಕೆ ಬರಬೇಡಿ.

ನಿಮ್ಮ ನಿಮ್ಮ ಹೆಸರು ಜರ್ನಲಲ್ಲಿ ಬಂದಿದೆಯಾ ಅಂತ ಹುಡುಕೋಕೆ ಬರದೆ ಇದ್ದವರು ಸಂಜೆ ಏಳರ ಮೇಲೆ ಆಲೆಮನೆ ಹತ್ತಿರ ಬನ್ನಿ, ಮಗ ತೋರಿಸ್ತಾನೆ. ಬಿಸಿ ಬೆಲ್ಲ ಇರ್ತದೆ. ಮುಂದಿನ ವಾರ ಕೂಳೆ ಕಬ್ಬಿನ ತರಗು ಹೊದಿಕೆ ಬಗ್ಗೆ ಬರೀತೀನಿ.